ಮನೆಗೆ ನಳ ಬಂತು, ಗಟಾರದ ನೀರು ಹೋಗುವುದೆಲ್ಲಿಗೆ?

‘ನಿಮ್ಮ ಮನಿಗೆ ನಳ ಬಂತೇನು?’ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲ್ಲೂಕುಗಳ ಹಳ್ಳಿಗಳಲ್ಲಿ ಕಳೆದ ಕೆಲವು ವರ್ಷಗಳಿಂದ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆ ಇದು. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಮಿಷನ್ ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ ಓಣಿ ಓಣಿಗೂ ಬಂತು. ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರು ಕೊಡಬೇಕೆಂಬುದು ಅದರ ಗುರಿ. 2024ಕ್ಕೆ ಮುಗಿಯಬೇಕಿದ್ದ ಈ ಯೋಜನೆಯನ್ನು 2025ರ ಕೇಂದ್ರ ಬಜೆಟ್‌ನಲ್ಲಿ 2028ರವರೆಗೆ ವಿಸ್ತರಿಸಲಾಯಿತು. ಕೊಡ ಹೊತ್ತು ಬೋರ್‌ವೆಲ್ ಮುಂದೆ ಸಾಲು ನಿಲ್ಲುತ್ತಿದ್ದ ನಮ್ಮ ಅವ್ವಂದಿರಿಗೆ ಇದು ಸಣ್ಣ ವಿಷಯವಲ್ಲ. ಅದನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನಗಿಲ್ಲ.

ಆದರೆ ಇದರ ಜೊತೆಗೇ ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ. ಬಂದ ನೀರು ಹೋಗುವುದೆಲ್ಲಿಗೆ?

ನಾನು ರಾಯಬಾಗ ತಾಲ್ಲೂಕಿನ ಹಳ್ಳಿಯವನು. ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ ಓದುವಾಗ ಕೊಳಚೆ ನೀರಿನ ಪಾಠದಲ್ಲಿ ನಮಗೆ ಬಂದದ್ದೆಲ್ಲ ದೊಡ್ಡ ನಗರದ ಉದಾಹರಣೆಗಳೇ. ಒಳಚರಂಡಿ, ಪಂಪ್‌ಹೌಸ್, ಸಂಸ್ಕರಣಾ ಘಟಕ ಎಲ್ಲವೂ ಇದ್ದವು. ನಾಲ್ಕೈದು ಸಾವಿರ ಜನಸಂಖ್ಯೆಯ ಹಳ್ಳಿಯ ನೀರನ್ನು ಏನು ಮಾಡಬೇಕು ಎಂಬುದು ಪರೀಕ್ಷೆಗೆ ಬರುತ್ತಿರಲಿಲ್ಲ, ಹಾಗಾಗಿ ಪಾಠಕ್ಕೂ ಬರಲಿಲ್ಲ. ಆ ಪಾಠವನ್ನು ನಮ್ಮ ಊರಿನ ಗಟಾರಕ್ಕೆ ಹಚ್ಚಿ ನೋಡುವ ಪ್ರಯತ್ನ ಈ ಬರಹ.

ಲೆಕ್ಕ ಸರಳವಾಗಿದೆ

4,000 ಜನರಿರುವ ಒಂದು ಹಳ್ಳಿಯನ್ನು ತೆಗೆದುಕೊಳ್ಳೋಣ. ತಲೆಗೆ 55 ಲೀಟರ್‌ನಂತೆ ದಿನಕ್ಕೆ 2 ಲಕ್ಷ 20 ಸಾವಿರ ಲೀಟರ್ ನೀರು ಬೇಕು. ಕುಡಿದದ್ದು, ಅಡುಗೆಗೆ ಬಳಸಿದ್ದು, ದನಕ್ಕೆ ಕುಡಿಸಿದ್ದು, ಅಂಗಳಕ್ಕೆ ಹೊಡೆದದ್ದು ಹೋಗಿ ಶೇ 70ರಷ್ಟು ನೀರು ಬಚ್ಚಲಿನಿಂದ, ಪಾತ್ರೆ ತಿಕ್ಕುವ ಜಾಗದಿಂದ, ಬಟ್ಟೆ ಒಗೆಯುವ ಕಲ್ಲಿನಿಂದ ಹೊರಗೆ ಬರುತ್ತದೆ. ಅಂದರೆ ದಿನಕ್ಕೆ ಸುಮಾರು ಒಂದೂವರೆ ಲಕ್ಷ ಲೀಟರ್. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ದಿನವೂ 30 ಟ್ಯಾಂಕರ್! ನಮ್ಮೂರಿಗೆ ದಿನಕ್ಕೆ 30 ಟ್ಯಾಂಕರ್ ನೀರು ಬರುತ್ತದೆ ಎಂದರೆ ಅದರ ಪೂಜೆಗೆ ಜನಪ್ರತಿನಿಧಿಗಳು ಬರುತ್ತಾರೆ. ನಮ್ಮೂರಿನಿಂದ ದಿನಕ್ಕೆ 30 ಟ್ಯಾಂಕರ್ ಹೊಲಸು ನೀರು ಹೊರಗೆ ಹೋಗುತ್ತದೆ ಎಂಬುದು ಯಾವ ಫಲಕದಲ್ಲೂ ಇಲ್ಲ.

ಈ ನೀರು ಹಿಡಿಯುವ ದಾರಿಯೂ ಎಲ್ಲ ಊರಿನಲ್ಲಿ ಹೆಚ್ಚುಕಡಿಮೆ ಒಂದೇ. ಮನೆಯ ಮುಂದಿನ ಗಟಾರದಿಂದ ಓಣಿಯ ದೊಡ್ಡ ಗಟಾರಕ್ಕೆ, ಅಲ್ಲಿಂದ ಊರ ಹೊರಗಿನ ತಗ್ಗಿಗೆ, ತಗ್ಗಿನಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ನಿಪ್ಪಾಣಿ ಭಾಗದ ಹಳ್ಳಗಳು ವೇದಗಂಗೆಗೆ, ದೂಧಗಂಗೆಗೆ ಇಳಿಯುತ್ತವೆ; ಆ ಎರಡೂ ಕೂಡಿ ಕೃಷ್ಣೆಗೆ ಬರುತ್ತವೆ. ಅಥಣಿ ಭಾಗದಲ್ಲಿ ಅಗ್ರಣಿ ಇದೆ, ಅದೂ ಕೃಷ್ಣೆಗೇ. ಮತ್ತೆ ಅದೇ ಕೃಷ್ಣೆಯಿಂದ ಬಹುಗ್ರಾಮ ಕುಡಿಯುವ ನೀರಿನ ಯೋಜನೆಗಳು ನೀರು ಎತ್ತಿ ನಮ್ಮ ನಳಕ್ಕೆ ಕಳಿಸುತ್ತವೆ. ಹೊರಗೆ ಹೋದದ್ದು ಒಂದು ಸುತ್ತು ಹಾಕಿ ಒಳಗೆ ಬರುತ್ತದೆ ಅಷ್ಟೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ದೇಶದ 351 ಕಲುಷಿತ ನದಿ ಭಾಗಗಳ ಪಟ್ಟಿ ಮಾಡಿತು. ಅದರಲ್ಲಿ ಕರ್ನಾಟಕದವು 17. ಅವುಗಳಲ್ಲಿ ಕೃಷ್ಣೆಯ ಭಾಗ ಎಲ್ಲಿಂದ ಶುರುವಾಗುತ್ತದೆ ಗೊತ್ತೇ? ನಮ್ಮ ಚಿಕ್ಕೋಡಿ ತಾಲ್ಲೂಕಿನ ಯಡೂರವಾಡಿಯಿಂದ. ಅಲ್ಲಿಂದ ತಿಂಥಣಿ ಸೇತುವೆಯವರೆಗೆ.

ಈ ಮಾತು ಬಂದಾಗ ನಮ್ಮ ಕಡೆ ಸಿಗುವ ಸಿದ್ಧ ಉತ್ತರ: ‘ಅದೆಲ್ಲಾ ಮಹಾರಾಷ್ಟ್ರದ ಹೊಲಸು’. ಸುಳ್ಳಲ್ಲ. ಕೊಲ್ಹಾಪುರದ ಕೊಳಚೆ, ಇಚಲಕರಂಜಿಯ ಬಟ್ಟೆ ಸಂಸ್ಕರಣಾ ಘಟಕಗಳ ನೀರು ಪಂಚಗಂಗೆಗೆ ಸೇರಿ, ನರಸೋಬಾವಾಡಿಯಲ್ಲಿ ಕೃಷ್ಣೆಯ ಪಾಲಾಗುತ್ತದೆ. 2012ರಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ಹರಡಿ ಜನ ಸತ್ತದ್ದನ್ನು ಗಡಿಭಾಗದವರು ಮರೆತಿಲ್ಲ. ಆದರೆ ಮೇಲಿನವರು ಹೊಲಸು ಬಿಟ್ಟರು ಎನ್ನುವುದು ನಾವು ಬಿಡುವುದಕ್ಕೆ ಪರವಾನಗಿಯಲ್ಲ. ನಮ್ಮ ಕೆಳಗೆ ಜಮಖಂಡಿಯಿದೆ, ಬಾಗಲಕೋಟೆಯಿದೆ, ಯಾದಗಿರಿಯಿದೆ. ನಾವು ಕೊಲ್ಹಾಪುರದವರಿಗೆ ಹೇಳುವ ಮಾತನ್ನೇ ಅವರು ನಮಗೆ ಹೇಳಿದರೆ ಉತ್ತರವೇನು?

ಬಚ್ಚಲ ನೀರು ಬರೀ ಬಚ್ಚಲ ನೀರಲ್ಲ

ಸರ್ಕಾರಿ ಕಡತಗಳಲ್ಲಿ ಹಳ್ಳಿಯ ಕೊಳಚೆಗೆ ಎರಡು ಹೆಸರುಗಳಿವೆ. ಸ್ನಾನ, ಪಾತ್ರೆ, ಬಟ್ಟೆಯ ನೀರು ‘ಬೂದು ನೀರು’. ಶೌಚಾಲಯದ್ದು ‘ಕಪ್ಪು ನೀರು’. ಬೂದು ನೀರನ್ನು ಸಣ್ಣ ಖರ್ಚಿನಲ್ಲಿ ತಿಳಿಯಾಗಿಸಬಹುದು, ಕಪ್ಪು ನೀರು ಗುಂಡಿಯಲ್ಲೇ ಉಳಿಯುತ್ತದೆ ಎಂಬ ನಂಬಿಕೆಯ ಮೇಲೆ ಗ್ರಾಮೀಣ ಯೋಜನೆಗಳೆಲ್ಲ ನಿಂತಿವೆ. ಎರಡು ಗುಂಡಿಯ ಶೌಚಾಲಯ ಕಟ್ಟಿಸಿದ್ದರೆ ಈ ನಂಬಿಕೆ ನಿಜವಾಗುತ್ತದೆ. ಒಂದು ಗುಂಡಿ ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿದರೆ, ಮೊದಲನೆಯದು ಕಾಲಕ್ರಮದಲ್ಲಿ ಗೊಬ್ಬರವಾಗುತ್ತದೆ.

ಆದರೆ ಓಣಿಯಲ್ಲಿ ಒಮ್ಮೆ ನಡೆದು ನೋಡಿ. ಜಾಗ ಕಡಿಮೆ ಇದ್ದವರು, ಗುಂಡಿ ಬೇಗ ತುಂಬೀತೆಂದು ಹೆದರಿದವರು, ಹೊಸದಾಗಿ ಆರ್‌ಸಿಸಿ ಮನೆ ಕಟ್ಟಿಸಿದವರು ಸೆಪ್ಟಿಕ್ ಟ್ಯಾಂಕ್ ಮಾಡಿಸಿದ್ದಾರೆ. ಆ ಟ್ಯಾಂಕಿನ ಹೊರಹರಿವಿನ ಪೈಪು ಇಂಗು ಗುಂಡಿಗೆ ಹೋಗಬೇಕು. ಹೋಗುವುದು ಗಟಾರಕ್ಕೆ. ಟ್ಯಾಂಕ್ ಒಳಗೆ ಕೆಸರು ತಳಕ್ಕೆ ಕೂರುತ್ತದೆ ನಿಜ. ಆದರೆ ಹೊರಗೆ ಬರುವ ನೀರಿನಲ್ಲಿ ರೋಗಾಣುಗಳು ಹಾಗೇ ಇರುತ್ತವೆ. ಹತ್ತು ಮನೆಗಳ ಬಚ್ಚಲ ನೀರಿಗೆ ಒಂದು ಮನೆಯ ಟ್ಯಾಂಕಿನ ನೀರು ಸೇರಿದರೂ ಇಡೀ ಗಟಾರ ಕಪ್ಪು ನೀರೇ. ಕಡತದಲ್ಲಿ ಮಾತ್ರ ಅದು ಬೂದು.

ಇದು ಬರೀ ವಾಸನೆಯ ವಿಷಯವಲ್ಲ. ನಮ್ಮಲ್ಲಿ ನಳದ ನೀರು ದಿನಪೂರ್ತಿ ಬರುವುದಿಲ್ಲ. ಗಂಟೆ ಲೆಕ್ಕದಲ್ಲಿ, ಕೆಲವೆಡೆ ದಿನ ಬಿಟ್ಟು ದಿನ ಬರುತ್ತದೆ. ನೀರು ನಿಂತ ಹೊತ್ತಿನಲ್ಲಿ ಪೈಪು ಖಾಲಿಯಾಗಿ ಒಳಗೆ ಒತ್ತಡ ಇಳಿಯುತ್ತದೆ. ಪೈಪು ಗಟಾರವನ್ನು ದಾಟುವ ಕಡೆ, ಗಟಾರದೊಳಗೇ ಹಾಯ್ದ ಕಡೆ, ಸಣ್ಣ ಸೀಳಿದ್ದರೂ ಸಾಕು, ಸುತ್ತಲಿನ ಹೊಲಸನ್ನು ಅದು ಒಳಕ್ಕೆ ಎಳೆದುಕೊಳ್ಳುತ್ತದೆ. ಮರುದಿನ ನಳ ತಿರುಗಿಸಿದಾಗ ಮೊದಲ ಕೊಡದಲ್ಲಿ ಬರುವುದು ಅದೇ. ನಮ್ಮದೇ ಜಿಲ್ಲೆಯ ರಾಮದುರ್ಗ ತಾಲ್ಲೂಕಿನ ಮುದೇನೂರಿನಲ್ಲಿ 2022ರ ಅಕ್ಟೋಬರ್‌ನಲ್ಲಿ ಕಲುಷಿತ ನೀರು ಕುಡಿದು ಹಲವರು ಆಸ್ಪತ್ರೆ ಸೇರಿದರು, ಸಾವುಗಳೂ ಸಂಭವಿಸಿದವು. ಕುಡಿಯುವ ನೀರಿನ ಯೋಜನೆ ಮತ್ತು ಗಟಾರದ ಯೋಜನೆಯನ್ನು ಬೇರೆ ಬೇರೆ ಕಡತದಲ್ಲಿ ಇಡಬಹುದು, ಬೇರೆ ಬೇರೆ ಗುತ್ತಿಗೆದಾರರಿಗೆ ಕೊಡಬಹುದು. ನೆಲದ ಕೆಳಗೆ ಅವೆರಡೂ ಅಕ್ಕಪಕ್ಕದಲ್ಲೇ ಇರುತ್ತವೆ.

ಇಲ್ಲಿ ಸೊಳ್ಳೆಯ ಮಾತನ್ನೂ ಹೇಳಬೇಕು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಮುಖ್ಯವಾಗಿ ಮನೆಯ ಒಳಗೂ ಸುತ್ತಲೂ ನಿಂತ ತಿಳಿನೀರಿನಲ್ಲಿ: ತೊಟ್ಟಿ, ಟೈರು, ಹೂಕುಂಡಗಳಲ್ಲಿ. ಗಟಾರದ ಹೊಲಸು ನೀರಿನಲ್ಲಿ ಬೆಳೆಯುವುದು ಕ್ಯೂಲೆಕ್ಸ್ ಜಾತಿಯ ಸೊಳ್ಳೆ. ಆನೆಕಾಲು ರೋಗ ಹರಡುವುದು ಅದು. ಆದ್ದರಿಂದ ಗಟಾರಕ್ಕೆ ಪುಡಿ ಎರಚಿ ‘ಡೆಂಗಿ ಓಡಿಸಿದೆವು’ ಎನ್ನುವುದೂ ಸರಿಯಲ್ಲ, ಡೆಂಗಿ ಇಲ್ಲ ಎಂದು ಗಟಾರ ಮರೆಯುವುದೂ ಸರಿಯಲ್ಲ.

ಗುಂಡಿ ತೋಡಿದರೆ ಮುಗಿಯಿತೇ?

ಇದಕ್ಕೆ ಸರ್ಕಾರ ಏನೂ ಮಾಡಿಲ್ಲ ಎಂದರೆ ತಪ್ಪಾಗುತ್ತದೆ. ನರೇಗಾ ಯೋಜನೆಯಡಿ ಮನೆ ಮನೆಗೆ ಬಚ್ಚಲು ಗುಂಡಿ ತೋಡುವ ಕೆಲಸ ರಾಜ್ಯದಾದ್ಯಂತ ನಡೆಯಿತು. ಕೇಂದ್ರ ಸರ್ಕಾರ 2021ರ ಆಗಸ್ಟ್ 25ರಂದು ‘ಸುಜಲಾಂ’ ಅಭಿಯಾನ ಆರಂಭಿಸಿ, 100 ದಿನಗಳಲ್ಲಿ 10 ಲಕ್ಷ ಇಂಗು ಗುಂಡಿಗಳ ಗುರಿ ಇಟ್ಟುಕೊಂಡಿತ್ತು. ಇದರ ಹಿಂದೆ ಒಳ್ಳೆಯ ಅನುಭವವೂ ಇದೆ. ಮಹಾರಾಷ್ಟ್ರದ ನಾಂದೇಡ ಜಿಲ್ಲೆಯ ಟೆಂಭುರ್ಣಿ ಎಂಬ ಹಳ್ಳಿಯಲ್ಲಿ ಪ್ರತಿ ಮನೆಗೂ ಗುಂಡಿ ತೋಡಿ, ನಡುವೆ ತೂತುಗಳಿರುವ ಸಿಮೆಂಟ್ ತೊಟ್ಟಿ ಇಟ್ಟು, ಸುತ್ತ ಕಲ್ಲು ತುಂಬಿಸಿದರು. ನೀರು ಅಲ್ಲೇ ಇಂಗಿತು, ತೆರೆದ ಗಟಾರವೇ ಬೇಡವಾಯಿತು, ಸೊಳ್ಳೆಯ ಕಾಟ ಇಳಿಯಿತು. ‘ಮ್ಯಾಜಿಕ್ ಪಿಟ್’ ಎಂದು ಆ ಗುಂಡಿ ಹೆಸರಾಯಿತು. ಬೇರೆ ಹಳ್ಳಿಗಳವರೂ ಅದನ್ನು ಅನುಸರಿಸಿದರು.

ಹಾಗಾದರೆ ನಮ್ಮ ಐದು ತಾಲ್ಲೂಕುಗಳಲ್ಲೂ ಅದನ್ನೇ ಮಾಡಿದರೆ ಆಯಿತಲ್ಲ? ಕೆಲವು ಕಡೆ ಆಗುತ್ತದೆ, ಕೆಲವು ಕಡೆ ಆಗುವುದಿಲ್ಲ. ನನ್ನ ಮಾತಿನ ತಿರುಳು ಇರುವುದು ಇಲ್ಲೇ.

ಇಂಗು ಗುಂಡಿ ಕೆಲಸ ಮಾಡುವುದು ಮಣ್ಣು ನೀರು ಕುಡಿದರೆ ಮಾತ್ರ. ಮಡ್ಡಿ ಹೊಲದ ಕಡೆ, ಮೊರಂ ಮಣ್ಣಿರುವ ಊರಲ್ಲಿ ನೀರು ಸಲೀಸಾಗಿ ಇಳಿಯುತ್ತದೆ. ಆದರೆ ಹೊಳೆದಂಡೆಯ ಊರುಗಳು ಕೂತಿರುವುದು ಆಳವಾದ ಎರೆಮಣ್ಣಿನ ಮೇಲೆ. ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ತೋಯ್ದ ಮೇಲೆ ಉಬ್ಬಿ ಬಿರುಕು ಮುಚ್ಚುತ್ತದೆ, ಆಮೇಲೆ ನೀರನ್ನು ಬಲು ನಿಧಾನವಾಗಿ ಬಿಡುತ್ತದೆ. ಅಂಥ ಮಣ್ಣಿನಲ್ಲಿ ತೋಡಿದ ಗುಂಡಿಗೆ ದಿನವೂ ಸೋಪು, ಜಿಡ್ಡು ಸೇರಿದ ನೀರು ಬಿದ್ದರೆ ಕೆಲವೇ ದಿನಗಳಲ್ಲಿ ಗೋಡೆಗೆ ಲೋಳೆ ಹಿಡಿದು ತುಂಬಿ ನಿಲ್ಲುತ್ತದೆ. ಆಗ ಮನೆಯವರು ಏನು ಮಾಡುತ್ತಾರೆ? ಪೈಪನ್ನು ಮತ್ತೆ ಗಟಾರಕ್ಕೆ ತಿರುಗಿಸುತ್ತಾರೆ. ಗುಂಡಿ ಕಡತದಲ್ಲಿ ಉಳಿಯುತ್ತದೆ.

ಇನ್ನೊಂದು ಅಪಾಯವೂ ಇದೆ. ಕೃಷ್ಣೆಯ ದಂಡೆಯಲ್ಲಿ ಕಬ್ಬಿಗೆ ಹಾಯಿಸಿದ ನೀರಿನಿಂದ ಅಂತರ್ಜಲ ಮೇಲೆ ಬಂದು ಸವಳು-ಜವಳಾದ ಹೊಲಗಳು ಎಷ್ಟೋ ಇವೆ. ನೆಲದ ಕೆಳಗೆ ಕೆಲವೇ ಅಡಿಗೆ ನೀರು ಸಿಗುವ ಕಡೆ ಗುಂಡಿಗೆ ಹೊಲಸು ನೀರು ಬಿಟ್ಟರೆ ಅದು ಸೋಸಿ ಇಳಿಯುವುದಿಲ್ಲ, ನೇರವಾಗಿ ಬಾವಿಗೆ, ಬೋರ್‌ವೆಲ್‌ಗೆ ಸೇರುತ್ತದೆ. ಒಂದೇ ನಕ್ಷೆಯನ್ನು ಇಡೀ ರಾಜ್ಯಕ್ಕೆ ಹಂಚಿದಾಗ ಈ ವ್ಯತ್ಯಾಸ ಕಾಣುವುದಿಲ್ಲ. ಆದರೆ ಒಂದು ಸಲಿಕೆ ಮತ್ತು ಒಂದು ಕೊಡ ನೀರಿದ್ದರೆ ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಗುಂಡಿ ಬರುವ ಆಳದಲ್ಲಿ ಒಂದಡಿಯ ಸಣ್ಣ ಕುಳಿ ತೋಡಿ, ಮಣ್ಣು ಚೆನ್ನಾಗಿ ನೆನೆಯುವವರೆಗೆ ನೀರು ಹಾಕಿ, ಮತ್ತೆ ತುಂಬಿಸಿ, ಮಟ್ಟ ಎಷ್ಟು ಹೊತ್ತಿಗೆ ಎಷ್ಟು ಇಳಿಯಿತೆಂದು ನೋಡಿದರೆ ಸಾಕು. ಗಂಟೆಗಟ್ಟಲೆ ನೀರು ಹಾಗೇ ನಿಂತರೆ ಅಲ್ಲಿ ಗುಂಡಿಗೆ ಹಣ ಹಾಕಬಾರದು. ಇಷ್ಟು ಸಣ್ಣ ಪರೀಕ್ಷೆ ಮಾಡಿ ನಂತರ ಅಂದಾಜುಪಟ್ಟಿ ಬರೆದರೆ ಎಷ್ಟೋ ಹಣ ಉಳಿದೀತು.

ಅರ್ಧ ಎಕರೆಯ ಪ್ರಶ್ನೆ

ಗುಂಡಿ ಕೆಲಸ ಮಾಡದ ಊರಿಗೆ ದಾರಿ ಇಲ್ಲವೇ? ಇದೆ. ಊರ ಗಟಾರ ಮುಗಿಯುವ ಜಾಗದಲ್ಲಿ ಮೊದಲು ಕಸ ಹಿಡಿಯುವ ಜಾಲರಿ, ಆಮೇಲೆ ಮಣ್ಣು ತಂಗುವ ತೊಟ್ಟಿ, ನಂತರ ಒಂದರ ಪಕ್ಕ ಒಂದು ಮೂರು ಹೊಂಡಗಳು. ಮೊದಲನೆಯದು ಆಳ, ಮುಂದಿನವು ತೆಳು. ಇವುಗಳಲ್ಲಿ ನೀರು ಒಟ್ಟು ಎಂಟು ಹತ್ತು ದಿನ ನಿಂತರೆ ಬಿಸಿಲು, ಪಾಚಿ ಮತ್ತು ಬ್ಯಾಕ್ಟೀರಿಯಾ ಸೇರಿ ಕೊಳೆಯನ್ನು ತಿನ್ನುತ್ತವೆ. ಮೋಟರ್ ಬೇಡ, ಕರೆಂಟ್ ಬೇಡ, ರಾಸಾಯನಿಕ ಬೇಡ. ಜಾಗ ಕಡಿಮೆ ಇದ್ದರೆ ಜಲ್ಲಿ ಹಾಸಿನಲ್ಲಿ ಜೊಂಡು ಬೆಳೆಸಿ ಅದರ ಬೇರಿನ ನಡುವೆ ನೀರು ಹಾಯಿಸುವ ವಿಧಾನವೂ ಇದೆ.

ಎಷ್ಟು ಜಾಗ ಬೇಕು? ನಮ್ಮ 4,000 ಜನರ ಹಳ್ಳಿಯ ಲೆಕ್ಕವನ್ನೇ ಮುಂದುವರಿಸೋಣ. ದಿನಕ್ಕೆ ಒಂದೂವರೆ ಲಕ್ಷ ಲೀಟರ್, ಹತ್ತು ದಿನಕ್ಕೆ 15 ಲಕ್ಷ ಲೀಟರ್, ಅಂದರೆ 1,500 ಘನ ಮೀಟರ್. ಸರಾಸರಿ ಒಂದೂವರೆ ಮೀಟರ್ ಆಳ ಹಿಡಿದರೆ 1,000 ಚದರ ಮೀಟರ್, ಹತ್ತು ಗುಂಟೆ. ಒಡ್ಡು, ದಾರಿ, ಬೇಲಿ ಎಲ್ಲ ಸೇರಿ ಅರ್ಧ ಎಕರೆ. ಇಡೀ ಊರಿನ ಹೊಲಸಿಗೆ ಬೇಕಾದದ್ದು ಇಷ್ಟು.

ಈ ಅರ್ಧ ಎಕರೆ ಸಿಗುವುದೇ ಕಷ್ಟ. ಗಾಯರಾಣ ಇದ್ದ ಊರಲ್ಲಿ ಅದು ಒತ್ತುವರಿಯಾಗಿದೆ. ಗಟಾರ ಹೋಗಿ ನಿಲ್ಲುವ ತಗ್ಗಿನ ಪಕ್ಕದಲ್ಲೇ ಯಾರದೋ ಕಬ್ಬಿನ ಹೊಲವಿದೆ. ಜಾಗ ಇದ್ದರೂ ‘ನಮ್ಮ ಮನಿ ಕಡೆ ಬ್ಯಾಡ’ ಎಂಬ ಮಾತು ಏಳುತ್ತದೆ. ಕೊನೆಗೆ ಅದು ಯಾರ ಧ್ವನಿ ಪಂಚಾಯಿತಿಗೆ ಕೇಳುವುದಿಲ್ಲವೋ ಅವರ ಓಣಿಯ ಮಗ್ಗುಲಿಗೆ ಹೋಗಿ ಬೀಳುತ್ತದೆ. ಊರ ಕೊಳಚೆ ಯಾವ ಕೇರಿಯ ಪಕ್ಕ ಹರಿದು ಹೋಗುತ್ತಿದೆ ಎಂದು ನೋಡಿದರೆ ಆ ಊರಿನ ಜಾತಿಯ ನಕ್ಷೆಯೇ ಸಿಗುತ್ತದೆ. ಸಂಸ್ಕರಣೆಯ ಹೊಂಡವೂ ಅದೇ ನಕ್ಷೆಯನ್ನು ಅನುಸರಿಸಬಾರದು.

ಹೊಳೆದಂಡೆಯ ಊರುಗಳಿಗೆ ಇನ್ನೊಂದು ಎಚ್ಚರ ಬೇಕು. 2005, 2019, 2021ರ ಮಹಾಪೂರ ಕಂಡವರು ನಾವು. ಪೂರದ ಮಟ್ಟದ ಕೆಳಗೆ ಹೊಂಡ ಕಟ್ಟಿದರೆ ಒಂದೇ ಮಳೆಗಾಲದಲ್ಲಿ ಒಡ್ಡೂ ಹೋಗುತ್ತದೆ, ತಂಗಿದ ಕೆಸರೂ ಹೊಳೆ ಸೇರುತ್ತದೆ. ಪೂರದ ಗುರುತು ಇನ್ನೂ ಎಷ್ಟೋ ಗೋಡೆಗಳ ಮೇಲಿದೆ. ಅದಕ್ಕಿಂತ ಎತ್ತರದಲ್ಲಿ ಜಾಗ ಹುಡುಕಬೇಕು, ಅಗತ್ಯ ಬಿದ್ದರೆ ಅಷ್ಟು ದೂರಕ್ಕೆ ಮಾತ್ರ ಪಂಪ್ ಬಳಸಬೇಕು.

ಹಣದ ಲೆಕ್ಕದಲ್ಲಿರುವ ತಗ್ಗುಗಳು

2020ರಲ್ಲಿ ಆರಂಭವಾದ ಸ್ವಚ್ಛ ಭಾರತ ಮಿಷನ್ ಗ್ರಾಮೀಣದ ಎರಡನೇ ಹಂತದಲ್ಲಿ ಬೂದು ನೀರಿಗೆಂದೇ ಹಣವಿದೆ. 5,000ವರೆಗೆ ಜನಸಂಖ್ಯೆ ಇರುವ ಹಳ್ಳಿಗೆ ತಲೆಗೆ 280 ರೂಪಾಯಿ. ಅದಕ್ಕಿಂತ ದೊಡ್ಡ ಹಳ್ಳಿಗೆ ತಲೆಗೆ 660 ರೂಪಾಯಿ. ಇದರಲ್ಲಿ ಶೇ 30ರಷ್ಟನ್ನು ಗ್ರಾಮ ಪಂಚಾಯಿತಿಯು 15ನೇ ಹಣಕಾಸು ಆಯೋಗದ ಅನುದಾನದಿಂದ ಹಾಕಬೇಕು.

ನಮ್ಮ 4,000 ಜನರ ಹಳ್ಳಿಗೆ ಸಿಗುವುದು 11 ಲಕ್ಷ 20 ಸಾವಿರ. ಐದು ಜನರ ಮನೆಯ ಲೆಕ್ಕದಲ್ಲಿ 1,400 ರೂಪಾಯಿ. ಈಗ ಇನ್ನೊಂದು ಲೆಕ್ಕ ನೋಡಿ. 4,900 ಜನರ ಊರಿಗೆ ಸಿಗುವುದು 13 ಲಕ್ಷ 72 ಸಾವಿರ. 5,100 ಜನರ ಊರಿಗೆ 33 ಲಕ್ಷ 66 ಸಾವಿರ. ಜನರ ವ್ಯತ್ಯಾಸ 200, ಹಣದ ವ್ಯತ್ಯಾಸ ಸುಮಾರು 20 ಲಕ್ಷ. ದೊಡ್ಡ ಊರಿನಲ್ಲಿ ಮನೆಗಳು ಒತ್ತಾಗಿರುತ್ತವೆ, ಗುಂಡಿಗೆ ಜಾಗವಿರುವುದಿಲ್ಲ, ಹಾಗಾಗಿ ಖರ್ಚು ಜಾಸ್ತಿ ಎಂಬುದು ಇದರ ಹಿಂದಿನ ತರ್ಕ. ಆದರೆ ಎರೆಮಣ್ಣಿನ ಮೇಲಿರುವ 3,000 ಜನರ ಊರಿಗೂ ಗುಂಡಿ ಆಗುವುದಿಲ್ಲ, ಅದಕ್ಕೂ ಹೊಂಡವೇ ಬೇಕು. ಅದಕ್ಕೆ ಸಿಗುವುದು ಮಾತ್ರ ಗುಂಡಿಯ ಹಣ. ತಲೆ ಎಣಿಸಿ ಹಣ ಕೊಡುವ ಪದ್ಧತಿಗೆ ಮಣ್ಣು ಕಾಣುವುದಿಲ್ಲ.

ಎರಡನೇ ತಗ್ಗು ಇನ್ನೂ ಆಳ. ಈ ಹಣ ಕಟ್ಟುವುದಕ್ಕೆ. ಕಟ್ಟಿದ ಮೇಲೆ ಜಾಲರಿಯ ಕಸ ತೆಗೆಯುವವರು ಯಾರು? ತೊಟ್ಟಿಯ ಕೆಸರು ಎತ್ತುವವರು ಯಾರು? ಹೊಂಡದ ಒಡ್ಡಿನ ಮೇಲೆ ಬೆಳೆದ ಜಾಲಿ ಕಡಿಯುವವರು ಯಾರು? 15ನೇ ಹಣಕಾಸು ಆಯೋಗವು 2021ರಿಂದ 2026ರ ಅವಧಿಯಲ್ಲಿ ಪಂಚಾಯಿತಿಗಳ ಅನುದಾನದ ಶೇ 60ರಷ್ಟನ್ನು ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿತ್ತು. ಅಂದರೆ ನಿರ್ವಹಣೆಗೆ ಹಣದ ಬಾಗಿಲು ಇತ್ತು. ಆದರೆ ಆ ಬಾಗಿಲಿನಲ್ಲಿ ಮೊದಲು ಒಳಗೆ ಹೋಗುವುದು ಮೋಟರ್ ದುರಸ್ತಿ, ಪೈಪ್‌ಲೈನ್, ಹೊಸ ಗಟಾರ. ಹೊಸ ಗಟಾರದ ಕಾಂಕ್ರೀಟು ಕಣ್ಣಿಗೆ ಕಾಣುತ್ತದೆ, ಅದರ ಪಕ್ಕದಲ್ಲಿ ಹೆಸರಿನ ಫಲಕ ಹಾಕಬಹುದು. ತೊಟ್ಟಿಯಿಂದ ಕೆಸರು ತೆಗೆಸಿದ್ದಕ್ಕೆ ಯಾರೂ ಫಲಕ ಹಾಕುವುದಿಲ್ಲ.

ನಮ್ಮ ಓಣಿಯ ಹಿರಿಯರೊಬ್ಬರು ಇದನ್ನು ನನಗಿಂತ ಚೆನ್ನಾಗಿ ಹೇಳಿದರು. ಕಾಂಕ್ರೀಟ್ ರಸ್ತೆ ಎತ್ತರವಾಗಿ, ಗಟಾರ ಅದರ ಮೇಲೆ ಎತ್ತರವಾಗಿ, ಮಳೆಗಾಲದಲ್ಲಿ ಅವರ ಮನೆಯ ಹೊಸ್ತಿಲಿಗೆ ಹೊಲಸು ನೀರು ತಿರುಗಿ ಬರುತ್ತಿತ್ತು. ‘ಕಾಕಾ, ಹೊಸಾ ಗಟಾರ ಆತಲ್ರಿ’ ಎಂದೆ. ‘ಆತೋ ತಮ್ಮಾ. ನೀರ ತರೂ ಯೋಜನಾ ಬಂತು, ಗಟಾರ ಕಟ್ಟೂ ಯೋಜನಾ ಬಂತು. ನೀರ ಎಲ್ಲಿಗಿ ಹೋಗಬೇಕ ಅನ್ನೂ ಯೋಜನಾ ಯಾವಾಗ ಬರತೈತಿ?’ ಎಂದರು.

ಅವರ ಪ್ರಶ್ನೆಗೆ ಕಡತದ ಉತ್ತರ ‘ಬಯಲು ಶೌಚಮುಕ್ತ ಪ್ಲಸ್’ ಎಂಬ ದರ್ಜೆ. ಕಸ ಅಥವಾ ಕೊಳಚೆ ನೀರು, ಎರಡರಲ್ಲಿ ಒಂದಕ್ಕೆ ವ್ಯವಸ್ಥೆ ಇದ್ದರೆ ಊರು ಮೊದಲ ಮೆಟ್ಟಿಲು ಹತ್ತುತ್ತದೆ. ಎರಡಕ್ಕೂ ಇದ್ದರೆ ಎರಡನೆಯದು. ಜೊತೆಗೆ ಕಣ್ಣಿಗೆ ಸ್ವಚ್ಛ ಕಂಡು, ಜಾಗೃತಿ ಬರಹಗಳೂ ಇದ್ದರೆ ‘ಮಾದರಿ’ ಗ್ರಾಮ. ಇಲ್ಲಿ ಅಳೆಯುವುದು ವ್ಯವಸ್ಥೆ ಇದೆಯೇ ಎಂಬುದನ್ನು. ಗಟಾರದ ಕೊನೆಯಲ್ಲಿ ಒಂದು ಬಾಟಲಿ ನೀರು ಹಿಡಿದು ಅದು ಹಳ್ಳಕ್ಕೆ ಬಿಡಲು ಯೋಗ್ಯವೇ ಎಂದು ನೋಡುವುದು ಆ ಮೆಟ್ಟಿಲುಗಳಲ್ಲಿ ಇಲ್ಲ. ಕುಡಿಯುವ ನೀರಿನ ಪರೀಕ್ಷೆಗೆ ಹಳ್ಳಿಯ ಮಹಿಳೆಯರಿಗೇ ಕಿಟ್ ಕೊಟ್ಟು ತರಬೇತಿ ಕೊಟ್ಟಿರುವಾಗ, ಹೊರಗೆ ಹೋಗುವ ನೀರನ್ನೂ ವರ್ಷಕ್ಕೆ ಎರಡು ಸಲ ಪರೀಕ್ಷಿಸುವುದು ದೊಡ್ಡ ಮಾತಲ್ಲ.

ರೈತನಿಗೆ ಲಾಭವಿದ್ದರೆ ಹೊಂಡ ಉಳಿಯುತ್ತದೆ

ನಿರ್ವಹಣೆಯ ಪ್ರಶ್ನೆಗೆ ಪಂಜಾಬಿನಲ್ಲಿ ಒಂದು ಉತ್ತರ ಸಿಕ್ಕಿದೆ. ಸಂತ ಬಲಬೀರ್ ಸಿಂಗ್ ಸೀಚೇವಾಲ್ ಅವರು 2000ದಲ್ಲಿ ಜನರನ್ನು ಕೂಡಿಸಿಕೊಂಡು ಕಾಳಿ ಬೇಯಿಂ ಎಂಬ ಹೊಳೆಯನ್ನು ಸ್ವಚ್ಛ ಮಾಡಲು ಇಳಿದರು. ಹೊಳೆ ಸ್ವಚ್ಛವಾಗಬೇಕಾದರೆ ಊರುಗಳ ಕೊಳಚೆ ಅದಕ್ಕೆ ಬರಬಾರದು ಎಂದು ಬೇಗ ಗೊತ್ತಾಯಿತು. ಆಗ ರೂಪುಗೊಂಡದ್ದು ‘ಸೀಚೇವಾಲ್ ಮಾದರಿ’. ಊರಿನ ನೀರು ಸಾಲಾಗಿ ಕಟ್ಟಿದ ಬಾವಿಗಳಲ್ಲಿ ಸುತ್ತಿ ಹಾಯುವಾಗ ಮಣ್ಣು ತಳಕ್ಕೆ, ಜಿಡ್ಡು ಮೇಲಕ್ಕೆ ಬೇರೆಯಾಗುತ್ತದೆ. ನಂತರ ಕೆರೆಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಪೈಪಿನಲ್ಲಿ ಹೊಲಗಳಿಗೆ ಹೋಗುತ್ತದೆ. ಮುಖ್ಯ ಗುಟ್ಟು ಇರುವುದು ಆ ಕೊನೆಯ ಪೈಪಿನಲ್ಲಿ. ನೀರನ್ನು ಬಳಸುವ ರೈತನಿಗೆ ಕೆರೆ ಚೆನ್ನಾಗಿರುವುದು ಬೇಕು. ಸೀಚೇವಾಲ್ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು.

ನಮ್ಮ ಭಾಗದಲ್ಲಿ ರೈತರು ಕೊಳಚೆ ಸೇರಿದ ಹಳ್ಳದ ನೀರನ್ನೇ ಮೋಟರ್ ಹಚ್ಚಿ ಎತ್ತುತ್ತಿರುವುದು ಹೊಸದಲ್ಲ. ಅದನ್ನೇ ಹೊಂಡದಲ್ಲಿ ತಿಳಿಯಾಗಿಸಿ ಕೊಟ್ಟರೆ? ದಿನಕ್ಕೆ ಒಂದೂವರೆ ಲಕ್ಷ ಲೀಟರ್ ಎಂದರೆ ವರ್ಷಕ್ಕೆ ಸುಮಾರು ಐದೂವರೆ ಕೋಟಿ ಲೀಟರ್. ಕಬ್ಬಿಗೆ ವರ್ಷಕ್ಕೆ 2,000 ಮಿಲಿಮೀಟರ್ ನೀರು ಎಂದು ಹಿಡಿದರೆ ಆರು ಎಕರೆಗೆ ಸಾಕು. ಆರು ಎಕರೆ ದೊಡ್ಡದಲ್ಲ ಎನ್ನಬಹುದು. ಆದರೆ ಏಪ್ರಿಲ್-ಮೇ ತಿಂಗಳಲ್ಲಿ ಹೊಳೆ ಬತ್ತಿ, ಮಹಾರಾಷ್ಟ್ರ ನೀರು ಬಿಡಲಿ ಎಂದು ನಾವೆಲ್ಲ ಬೇಡುವ ಹೊತ್ತಿನಲ್ಲೂ ನಿಲ್ಲದೆ ಬರುವ ನೀರು ಇದೊಂದೇ. ಪಂಚಾಯಿತಿ ಈ ನೀರನ್ನು ವರ್ಷಕ್ಕೊಮ್ಮೆ ಹರಾಜು ಹಾಕಿ, ಬಂದ ಹಣದಿಂದ ಹೊಂಡದ ಕೆಸರು ತೆಗೆಸಬಹುದು.

ಇದರಲ್ಲೂ ಎರಡು ಎಚ್ಚರಿಕೆ ಇವೆ. ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿ, ಸೌತೆಕಾಯಿಗೆ ಈ ನೀರು ಬೇಡ. ಕಬ್ಬಿಗೆ, ಮೇವಿಗೆ, ಗಿಡಗಳಿಗೆ ಸಾಕು. ಎರಡನೆಯದು, ಬಟ್ಟೆ ಸೋಪಿನ ಪುಡಿಯಲ್ಲಿ ಸೋಡಿಯಂ ಇರುತ್ತದೆ. ಮೊದಲೇ ಸವಳು ಏರುತ್ತಿರುವ ಎರೆಹೊಲಕ್ಕೆ ಇದೊಂದನ್ನೇ ಹಾಯಿಸಿದರೆ ಮಣ್ಣು ಇನ್ನಷ್ಟು ಕೆಡುತ್ತದೆ. ಬೇರೆ ನೀರಿನ ಜೊತೆ ಬೆರೆಸಿ, ನೀರು ಬಸಿದು ಹೋಗುವ ಹೊಲಕ್ಕೆ ಮಾತ್ರ ಕೊಡಬೇಕು.

ಸೆಪ್ಟಿಕ್ ಟ್ಯಾಂಕಿನ ಮಾತು ಬೇರೆ. ಹೊಂಡ ಕಟ್ಟಿದರೂ ಟ್ಯಾಂಕಿನ ಕೆಸರು ಎಲ್ಲಿಗೋ ಹೋಗಲೇಬೇಕು. ಈಗ ಅದನ್ನು ಎಳೆಯುವ ಗಾಡಿ ರಾತ್ರಿ ಹೊತ್ತು ಎಲ್ಲಿ ಸುರಿಯುತ್ತದೆ ಎಂದು ಯಾರೂ ಕೇಳುವುದಿಲ್ಲ. ಬೆಂಗಳೂರು ಪಕ್ಕದ ದೇವನಹಳ್ಳಿಯಲ್ಲಿ 2015ರಲ್ಲಿಯೇ ಇಂಥ ಕೆಸರಿಗೆಂದು ಪಟ್ಟಣಮಟ್ಟದ ಸಂಸ್ಕರಣಾ ಘಟಕ ಶುರುವಾಯಿತು. ಒಳಚರಂಡಿ ಇಲ್ಲದ ಊರೂ ದಾರಿ ಕಂಡುಕೊಳ್ಳಬಹುದೆಂದು ಅದು ತೋರಿಸಿತು. ಪ್ರತಿ ಹಳ್ಳಿಗೂ ಅಂಥದ್ದು ಬೇಡ. ಹತ್ತಿಪ್ಪತ್ತು ಹಳ್ಳಿಗಳಿಗೆ ಒಂದರಂತೆ, ಪಟ್ಟಣದ ಸಮೀಪ ಇದ್ದರೆ ಸಾಕು. ಹಾಗೆ ಇಲ್ಲದಿದ್ದರೆ ಬಡವರ ಮಕ್ಕಳನ್ನೇ ಗುಂಡಿಗೆ ಇಳಿಸುವ ಅಪರಾಧ ಮುಂದುವರಿಯುತ್ತದೆ. ಅದನ್ನು ನಿಷೇಧಿಸಿದ ಕಾಯ್ದೆ ಬಂದದ್ದು 2013ರಲ್ಲಿ.

ನಾವು ಏನು ಕೇಳಬೇಕು?

ಗೆಳೆಯರೇ, ಚಿಕ್ಕೋಡಿ ಪ್ರತ್ಯೇಕ ಜಿಲ್ಲೆಯಾಗಲಿ ಎಂದು ನಾವು ಬಹಳ ವರ್ಷಗಳಿಂದ ಕೇಳುತ್ತಿದ್ದೇವೆ. ಜಿಲ್ಲೆ ಆದಾಗ ಆಗಲಿ. ಗಟಾರದ ಕೊನೆಯ ಇನ್ನೂರು ಮೀಟರ್ ಸರಿ ಮಾಡಿಸಲು ಜಿಲ್ಲೆ ಬೇಕಿಲ್ಲ, ಗ್ರಾಮಸಭೆ ಸಾಕು. ಕುಡಿಯುವ ನೀರು, ಆರೋಗ್ಯ, ನೈರ್ಮಲ್ಯ ಈ ಮೂರೂ ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆಂದು ಗುರುತಿಸಿದ ವಿಷಯಗಳು. ‘ನಮ್ಮ ಗ್ರಾಮ ನಮ್ಮ ಯೋಜನೆ’ ತಯಾರಿಸುವಾಗ ಜನರ ಬೇಡಿಕೆ ಬರೆದುಕೊಳ್ಳಲೇಬೇಕು. ಆ ಸಭೆಗೆ ನಮ್ಮ ವಯಸ್ಸಿನವರು ಹೋಗುವುದೇ ಕಡಿಮೆ. ಹೋದರೂ ಕ್ರೀಡಾಂಗಣ, ಗ್ರಂಥಾಲಯ ಕೇಳಿ ಬರುತ್ತೇವೆ. ಅವೂ ಬೇಕು. ಜೊತೆಗೆ ನಾಲ್ಕು ಪ್ರಶ್ನೆಗಳನ್ನು ಕೇಳಬಹುದು. ನಮ್ಮೂರಿನ ಗಟಾರ ಕೊನೆಗೆ ಎಲ್ಲಿ ಸೇರುತ್ತದೆ, ಅದರ ನಕ್ಷೆ ಇದೆಯೇ? ಇಂಗು ಗುಂಡಿ ಮಂಜೂರು ಮಾಡುವ ಮೊದಲು ಮಣ್ಣು ಪರೀಕ್ಷೆ ಆಗಿದೆಯೇ? ಕುಡಿಯುವ ನೀರಿನ ಪೈಪು ಗಟಾರವನ್ನು ಎಷ್ಟು ಕಡೆ ದಾಟುತ್ತದೆ? ಕಟ್ಟಿದ್ದನ್ನು ನೋಡಿಕೊಳ್ಳಲು ಈ ವರ್ಷದ ಆಯವ್ಯಯದಲ್ಲಿ ಎಷ್ಟು ಹಣ ಇಟ್ಟಿದ್ದೀರಿ?

ಉತ್ತರ ಸಿಗದಿದ್ದರೆ ಮೊದಲ ಎರಡನ್ನು ನಾವೇ ಮಾಡಬಹುದು. ಮೊಬೈಲ್ ನಕ್ಷೆಯ ಮೇಲೆ ಗಟಾರದ ದಾರಿ ಗುರುತಿಸಲು ಒಂದು ರವಿವಾರ ಸಾಕು, ಓಣಿಗೊಂದು ಕುಳಿ ತೋಡಿ ನೀರು ಹಾಕಿ ನೋಡಲು ಇನ್ನೊಂದು ರವಿವಾರ. ಆ ಹಾಳೆಯನ್ನು ಗ್ರಾಮಸಭೆಯ ನಡಾವಳಿಗೆ ಸೇರಿಸಿಸಿದರೆ ಅದು ದಾಖಲೆಯಾಗುತ್ತದೆ. ಆಮೇಲೆ ‘ಜಾಗ ಇಲ್ಲ’, ‘ಹಣ ಇಲ್ಲ’ ಎನ್ನುವವರು ಬರವಣಿಗೆಯಲ್ಲಿ ಹೇಳಬೇಕಾಗುತ್ತದೆ.

ನೀರಿನ ಯೋಜನೆ ಎಂದರೆ ಹೊಳೆಯಿಂದ ನಳದವರೆಗೆ ಎಂದು ಇಲ್ಲಿಯವರೆಗೆ ಲೆಕ್ಕ ಹಾಕಿದ್ದೇವೆ. ಅದು ಅರ್ಧ ಲೆಕ್ಕ. ಹೊಳೆಯಿಂದ ನಳಕ್ಕೆ, ನಳದಿಂದ ಗಟಾರಕ್ಕೆ, ಗಟಾರದಿಂದ ಹೊಂಡಕ್ಕೆ, ಹೊಂಡದಿಂದ ಹೊಲಕ್ಕೆ ಎಂಬ ಪೂರ್ತಿ ಲೆಕ್ಕದ ಅಂದಾಜುಪಟ್ಟಿಯನ್ನು ಒಂದೇ ಕಡತದಲ್ಲಿ ಬರೆಯದ ಹೊರತು ಯಾವ ಹೊಸ ನೀರಿನ ಯೋಜನೆಗೂ ಗ್ರಾಮಸಭೆ ಒಪ್ಪಿಗೆ ಕೊಡಬಾರದು. ಯಡೂರವಾಡಿಯ ಹೆಸರು ಆ ಕಲುಷಿತ ಪಟ್ಟಿಯಿಂದ ಅಳಿಯಬೇಕಾದರೆ ಕೊಲ್ಹಾಪುರದ ಜೊತೆ ಜಗಳ ಆಡಬೇಕು, ನಿಜ. ಆ ಜಗಳಕ್ಕೆ ಹೋಗುವಾಗ ನಮ್ಮ ಕೈ ಸ್ವಚ್ಛ ಇದ್ದರೆ ಮಾತಿಗೆ ತೂಕ ಬರುತ್ತದೆ.